ಸಾಲ್ವು ಅಂಗಡಿಯ ಇಲಿಬಾಲಗಳು

ಮೆಲ್ಬರ್ನಿನ ಸನ್‌ಶೈನ್ ರೈಲ್ವೆ ಸ್ಟೇಷನ್ನಿನ ಎದುರು ರಸ್ತೆಯಲ್ಲಿ, ಮೀನು ಕರಿಯುವ ಅಂಗಡಿಗೂ ಬೂಟು ರಿಪೇರಿಯವನಿಗೂ ನಡುವೆ ನಮ್ಮಪ್ಪನ ಕ್ಷೌರದಂಗಡಿ ಇತ್ತು. ಒಂದೇ ಕುರ್ಚಿ. ಅಪ್ಪನ ಹೆಸರು ಸಾಲ್ವು. ಮಾಲ್ಟಾದ ವಲೆಟ್ಟಾ ಬಂದರಿನಲ್ಲಿ ಹನ್ನೆರಡು ವರ್ಷ ನೌಕಾಪಡೆಯವರ ತಲೆಗೂದಲು ಕತ್ತರಿಸಿ ಕೈ ಪಳಗಿಸಿಕೊಂಡು, ಆಮೇಲೆ ಮೆಲ್ಬರ್ನಿನ ಹಡಗು ಹತ್ತಿದವನು. ನಾನು ಹುಟ್ಟಿದ್ದು ಇಲ್ಲೇ. ನನ್ನ ಹೆಸರು ತೆರೇಜ, ಅಮ್ಮನೊಬ್ಬಳನ್ನು ಬಿಟ್ಟರೆ ಎಲ್ಲರಿಗೂ ಟೆಸಿ. ಶನಿವಾರ ಬೆಳಿಗ್ಗೆ ಅಂಗಡಿ ಗುಡಿಸುವುದು, ಬಿಳಿ ಬಟ್ಟೆ ಕೊಡವುವುದು, ಬಾಚಣಿಗೆ ತೊಳೆಯುವುದು ನನ್ನ ಪಾಲಿನ ಕೆಲಸ. ಗುಡಿಸುವ ನೆಪದಲ್ಲಿ ಅಪ್ಪನ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಎಪ್ಪತ್ನಾಲ್ಕರಲ್ಲಿ ನನಗೆ ಹದಿನೈದು. ಆ ವರ್ಷ ನಮ್ಮ ಕಡೆಯ ಹುಡುಗರೆಲ್ಲ ಶಾರ್ಪಿಗಳೆಂಬ ಗುಂಪಿನವರಾಗಿದ್ದರು. ಪೇಟೆಯ ಗಂಡಸರು ಭುಜದ ತನಕ ಕೂದಲು ಬಿಟ್ಟು ಹೂವಿನ ಅಂಗಿ ತೊಟ್ಟು ತಿರುಗುತ್ತಿದ್ದರೆ, ನಮ್ಮ ರೈಲು ದಾರಿಯ ಮಕ್ಕಳಿಗೆ ಅದು ಕಾಲೇಜಿನವರ ಸೋಗು. ಇವರದು ಮೈಗೆ ಅಂಟುವ ಪಟ್ಟೆ ಕಾರ್ಡಿಗನ್, ಸೊಂಟಕ್ಕಿಂತ ಮೇಲೆ ಕಟ್ಟುವ ಪ್ಯಾಂಟು, ದಪ್ಪ ಅಟ್ಟೆಯ ಬೂಟು. ಅದೆಲ್ಲಕ್ಕಿಂತ ಮುಖ್ಯ ತಲೆ. ನೆತ್ತಿಯ ಮೇಲೆ, ಅಕ್ಕಪಕ್ಕ ಬೆರಳಿಗೆ ಸಿಗದಷ್ಟು ಮೋಟು. ಹಿಂದೆ, ಕತ್ತಿನ ಮೇಲೆ ಮಾತ್ರ ಕೆಲವೇ ಎಳೆ ಉದ್ದಕ್ಕೆ, ತೆಳ್ಳಗೆ, ನೀರಲ್ಲಿ ನೆಂದ ಇಲಿಯ ಬಾಲದ ಹಾಗೆ. ಶಾರ್ಪಿಗಳಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ರೈಲಿನಲ್ಲಿ ಹೊಡೆದಾಡುತ್ತಾರೆ ಎಂದು ಅಮ್ಮ ಅವರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದಳು. ನನಗೋ ಅವರ ಕತ್ತಿನ ಹಿಂದಿನಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ.

ಮೇ ತಿಂಗಳ ಒಂದು ಶನಿವಾರ ನೋಯೆಲ್ ಅಂಗಡಿಗೆ ಬಂದ. ಹದಿನೇಳರ ಹುಡುಗ, ಒಣಹುಲ್ಲಿನ ಬಣ್ಣದ ಕೂದಲು, ಟಯರು ಕಾರ್ಖಾನೆಯಲ್ಲಿ ಕೆಲಸ. ಕುರ್ಚಿಯಲ್ಲಿ ಕೂತು, "ಬಾಸ್, ಮೇಲೆಲ್ಲ ಸಣ್ಣಗೆ ಹೊಡೀರಿ, ಹಿಂದೆ ಮಾತ್ರ ಮುಟ್ಟಬೇಡಿ" ಅಂದ.

ಅಪ್ಪ ಕತ್ತರಿ ಕೆಳಗಿಟ್ಟ. "ಹಿಂದೆ ಯಾಕೆ ಮುಟ್ಟಬಾರದು? ಗಾಯ ಆಗಿದೆಯಾ?"

"ಇಲ್ಲ ಬಾಸ್, ಅದೇ ಸ್ಟೈಲು."

"ನೋಡಪ್ಪ, ಅರ್ಧ ಕತ್ತರಿಸಿ ಅರ್ಧ ಬಿಟ್ಟು ಕಳಿಸಿದ್ರೆ, ಸಾಲ್ವು ಅಂಗಡೀಲಿ ಮಧ್ಯದಲ್ಲಿ ಕರೆಂಟು ಹೋಯ್ತು ಅಂತ ಜನ ಅಂದ್ಕೋತಾರೆ. ಪೂರ್ತಿ ಕತ್ತರಿಸ್ತೀನಿ, ಇಲ್ಲಾಂದ್ರೆ ಪೂರ್ತಿ ಬಿಡ್ತೀನಿ. ಏನ್ ಹೇಳ್ತೀಯ?"

ನೋಯೆಲ್ ನಗುತ್ತಲೇ ಎದ್ದು ಹೋದ. ಅವನಿಗಿಂತ ಮುಂಚೆ ಬಂದಿದ್ದ ಇಬ್ಬರನ್ನೂ ಅಪ್ಪ ಹೀಗೇ ಕಳಿಸಿದ್ದ. ಆಗ ಅಂಗಡಿಗೆ ಬರುತ್ತಿದ್ದವರು ಮುದುಕರು ಮಾತ್ರ. ಉಳಿದವರೆಲ್ಲ ಕೂದಲು ಬಿಡುವ ಕಾಲ ಅದು. ಮಧ್ಯಾಹ್ನದ ಹೊತ್ತು ಅಪ್ಪ ತನ್ನ ಕುರ್ಚಿಯಲ್ಲಿ ತಾನೇ ಕೂತು ರೇಡಿಯೋದಲ್ಲಿ ಕುದುರೆ ರೇಸು ಕೇಳುತ್ತಿದ್ದ.

ನಾನು ಪೊರಕೆ ಗೋಡೆಗೆ ಒರಗಿಸಿ, ಹಾಲು ತರುತ್ತೇನೆಂದು ಹೇಳಿ ಹೊರಬಿದ್ದೆ. ಮೀನಿನಂಗಡಿಯ ಎದುರು ಅವನನ್ನು ನಿಲ್ಲಿಸಿ, "ನಾನು ಕತ್ತರಿಸ್ತೀನಿ" ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀನಾ? ಎಷ್ಟು ತಲೆ ಕತ್ತರಿಸಿದೀಯ ಇಲ್ಲಿವರೆಗೂ?"

"ಬೇಕಾದಷ್ಟು" ಅಂದೆ. ಒಂದೂ ಕತ್ತರಿಸಿರಲಿಲ್ಲ.

ನನ್ನ ಗೆಳತಿ ಗ್ಲೆನಿಸ್‌ಳ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ತಗಡಿನ ಶೆಡ್ಡು ಇತ್ತು. ಅವಳ ಅಮ್ಮ ಶನಿವಾರವೂ ಬಿಸ್ಕತ್ತಿನ ಫ್ಯಾಕ್ಟರಿಗೆ ಹೋಗುತ್ತಿದ್ದರಿಂದ ಕೇಳುವವರಿಲ್ಲ. ಅಪ್ಪ ಪಕ್ಕಕ್ಕಿಟ್ಟಿದ್ದ ಹಳೆಯ ಕತ್ತರಿ, ಹಲ್ಲು ಸವೆದ ಕೈಮಶೀನು, ಒಂದು ಬಾಚಣಿಗೆ, ಬ್ಲೇಡು ನನ್ನ ಶಾಲೆಯ ಚೀಲದೊಳಗೆ ಬಂದವು. ನೋಯೆಲ್ ಬಕೆಟ್ಟು ಬೋರಲು ಹಾಕಿಕೊಂಡು ಕೂತ. ಗ್ಲೆನಿಸ್ ಹಾಸಿಗೆಯ ಹೊದಿಕೆಯೊಂದನ್ನು ಅವನ ಕತ್ತಿಗೆ ಸುತ್ತಿ, "ಕೊನೇ ಆಸೆ ಏನಾದ್ರೂ ಇದ್ರೆ ಹೇಳಿಬಿಡಪ್ಪಾ" ಅಂದಳು.

ಮೊದಲ ಐದು ನಿಮಿಷ ಎಳೆ ಎಳೆಯಾಗಿ ಕತ್ತರಿಸಿದೆ. ಆಮೇಲೆ ಅಪ್ಪನ ಕೈ ಹೇಗೆ ಓಡುತ್ತಿತ್ತೋ ನನ್ನದೂ ಹಾಗೇ ಓಡಿತು. ಬಾಚಣಿಗೆಯ ಮೇಲೆ ಕತ್ತರಿ, ಬಾಚಣಿಗೆ ಒಂದು ಗೆರೆ ಮೇಲಕ್ಕೆ, ಮತ್ತೆ ಕತ್ತರಿ. ಹಿಂದಿನ ಎಳೆಗಳನ್ನು ಒದ್ದೆ ಮಾಡಿ, ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ಸವರಿ ತೆಳ್ಳಗೆ ಮಾಡಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಆ ಕ್ಷಣಕ್ಕೆ ತೋಚಿತು. ಗ್ಲೆನಿಸ್ ತಂದ ಕನ್ನಡಿಯಲ್ಲಿ ನೋಯೆಲ್ ತನ್ನನ್ನು ಬಹಳ ಹೊತ್ತು ನೋಡಿಕೊಂಡ. ಕೊನೆಗೆ, "ಅಯ್ಯೋ ಮಾರಾಯ್ತಿ, ಫುಟ್‌ಸ್ಕ್ರೇ ಗ್ಯಾಂಗಿನ ಹುಡುಗರು ನೋಡಿದ್ರೆ ಹೊಟ್ಟೆ ಉರ್ಕೊಂಡು ಸಾಯ್ತಾರೆ" ಅಂದ.

ಮುಂದಿನ ಶನಿವಾರ ಮೂವರು ಬಂದರು, ಅದರ ಮುಂದಿನ ವಾರ ಏಳು ಜನ. ಇಲ್ಲಿನ ಜೂನ್ ಚಳಿಯಲ್ಲಿ ಹಿತ್ತಲ ನಿಂಬೆ ಗಿಡದ ಸುತ್ತ ಕಾರ್ಡಿಗನ್ನಿನ ತೋಳೊಳಗೆ ಕೈ ಸೇರಿಸಿಕೊಂಡು, ಕಾಗದದ ಪೊಟ್ಟಣದಿಂದ ಬಿಸಿ ಚಿಪ್ಸ್ ತಿನ್ನುತ್ತ ಸರದಿ ಕಾಯುತ್ತಿದ್ದರು. ಬಂದವರು ಟೇಪ್ ರೆಕಾರ್ಡರು ತರುತ್ತಿದ್ದರು. ಶೆಡ್ಡಿನ ಸಿಮೆಂಟಿನ ಮೇಲೆ ಮೊಣಕೈ ಬೀಸುತ್ತ, ನೆಲವನ್ನೇ ನೋಡುತ್ತ ಕುಣಿಯುತ್ತಿದ್ದರು. ಗ್ಲೆನಿಸ್ ಬಿದ್ದ ಕೂದಲನ್ನು ಗುಡಿಸಿ ಗುಲಾಬಿ ಗಿಡದ ಬುಡಕ್ಕೆ ಸುರಿಯುತ್ತಿದ್ದಳು. ಆ ವರ್ಷ ಅವರ ಮನೆಯ ಗುಲಾಬಿ ಬಿಟ್ಟಷ್ಟು ಹೂವು ಮತ್ತೆಂದೂ ಬಿಡಲಿಲ್ಲ.

ಸಿಕ್ಕಿಬಿದ್ದದ್ದು ಆಗಸ್ಟಿನಲ್ಲಿ. ಅಪ್ಪ ಯಾವುದೋ ಕೆಲಸಕ್ಕೆ ಪೇಟೆಗೆ ಹೊರಟಿದ್ದವನು ಪ್ಲಾಟ್‌ಫಾರಂನಲ್ಲಿ ನೋಯೆಲ್‌ನ ಬೆನ್ನ ಹಿಂದೆಯೇ ನಿಂತಿದ್ದನಂತೆ. ಸಂಜೆ ಊಟಕ್ಕೆ ಕೂತಾಗ ಅಮ್ಮ ಮೊಲದ ಸಾರು ಬಡಿಸುತ್ತಿದ್ದಳು. ಅಪ್ಪ ಬ್ರೆಡ್ಡು ಮುರಿಯುತ್ತ ಕೇಳಿದ.

"ಆ ಹಳದಿ ತಲೆ ಹುಡುಗ. ನಾನು ವಾಪಸ್ ಕಳಿಸಿದ್ನಲ್ಲ, ಅವನಿಗೆ ಯಾರು ಕತ್ತರಿಸಿದ್ದು?"

"ನಂಗೇನ್ ಗೊತ್ತು?"

"ವಲೆಟ್ಟಾದಲ್ಲಿ ನಮ್ಮ ಮೇಸ್ತ್ರಿ ಕಿವಿ ಮುಂದಿನ ಕೂದಲನ್ನ ನೇರ ಕತ್ತರಿಸ್ತಿರಲಿಲ್ಲ. ಕುಡುಗೋಲಿನ ತುದಿ ಹಾಗೆ ಸ್ವಲ್ಪ ಹಿಂದಕ್ಕೆ ಓರೆ ಮಾಡ್ತಿದ್ದ. ಅವನಿಂದ ನಾನು ಕಲಿತೆ. ಈ ದೇಶದಲ್ಲಿ ಹಾಗೆ ಮಾಡೋನು ನಾನೊಬ್ಬನೇ. ನಾನಂತೂ ಆ ಹುಡುಗನ ತಲೆ ಮುಟ್ಟಿಲ್ಲ."

ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು.

"ಬಲಗಿವಿ ಹಿಂದೆ ಮೆಟ್ಟಿಲು ಬಿದ್ದಿದೆ" ಅಂದ ಅಪ್ಪ. "ಮೋಟು ಕೂದಲು ಉದ್ದಕ್ಕೆ ಸೇರೋ ಕಡೆ. ಅವಸರ ಮಾಡಿದೀಯ."

ಅಷ್ಟಕ್ಕೇ ಬಿಡುತ್ತಿದ್ದನೋ ಏನೋ. ಆದರೆ ಅಮ್ಮ ಬಿಡಲಿಲ್ಲ, ಗ್ಲೆನಿಸ್‌ಳ ಶೆಡ್ಡಿನ ವಿಷಯವನ್ನೂ ನನ್ನಿಂದ ಬಾಯಿ ಬಿಡಿಸಿದಳು. "ಗಂಡು ಹುಡುಗರ ತಲೆ! ಅದೂ ಆ ರೌಡಿಗಳದ್ದು! ಶೆಡ್ಡೊಳಗೆ! ನಿಮ್ಮಕ್ಕನ ಕಿವಿಗೆ ಬಿದ್ರೆ ಚರ್ಚಲ್ಲಿ ನಾನು ತಲೆ ಎತ್ತಿ ಕೂರೋ ಹಾಗಿಲ್ಲ" ಎಂದು ಶುರು ಮಾಡಿದವಳು ಅಳುವ ತನಕ ನಿಲ್ಲಿಸಲಿಲ್ಲ. ಅಪ್ಪ ಎದ್ದು ನನ್ನ ಚೀಲದಿಂದ ಕತ್ತರಿ, ಮಶೀನು ತೆಗೆದುಕೊಂಡು ಹೋಗಿ ಅಂಗಡಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲಿನ ಶನಿವಾರಗಳಲ್ಲಿ ಅಂಗಡಿ ಗುಡಿಸುವುದಷ್ಟೇ ಮಾಡುತ್ತಿದ್ದೆ. ಕಿಟಕಿಯಾಚೆ ನಾನು ಕತ್ತರಿಸಿದ ತಲೆಗಳು ವಾರದಿಂದ ವಾರಕ್ಕೆ ಬೆಳೆದು ಆಕಾರ ಕಳೆದುಕೊಳ್ಳುವುದು ಕಾಣುತ್ತಿತ್ತು.

ನನ್ನ ಕೂದಲು ಆಗ ಸೊಂಟದ ತನಕ ಇತ್ತು. ಅಮ್ಮ ದಿನಾ ಬೆಳಿಗ್ಗೆ ಆಲಿವ್ ಎಣ್ಣೆ ಹಚ್ಚಿ ಬಾಚಿ ಹೆಣೆಯುತ್ತಿದ್ದಳು. ಸೆಪ್ಟೆಂಬರಿನ ಕೊನೆಗೆ ಅಪ್ಪನ ಅಕ್ಕ ವಿತೊರಿನ್ ಅತ್ತೆಯ ಮಗಳು ಲೂರ್ಡ್ಸ್‌ಳ ಮದುವೆ. ಅವಳ ಹಿಂದೆ ತಿಳಿನೀಲಿ ಗೌನು ಹಾಕಿಕೊಂಡು ನಡೆಯುವ ಮೂವರಲ್ಲಿ ನಾನೂ ಒಬ್ಬಳು. ಮದುವೆ ಶನಿವಾರ. ಗುರುವಾರ ಶಾಲೆ ಬಿಟ್ಟ ಮೇಲೆ ಗ್ಲೆನಿಸ್‌ಳ ಶೆಡ್ಡಿಗೆ ಹೋಗಿ ಬಕೆಟ್ಟಿನ ಮೇಲೆ ಕೂತೆ.

"ಕತ್ತರಿಸೇ" ಅಂದೆ.

"ನಾಡಿದ್ದು ಮದುವೆ ಅಲ್ವೇನೇ? ಹುಚ್ಚು ಹಿಡಿದಿದೆಯಾ?"

"ನಾನು ಹೇಳ್ತಾ ಹೋಗ್ತೀನಿ, ನೀನು ಕತ್ತರಿಸ್ತಾ ಹೋಗು."

ನಾನು ಹೇಳುತ್ತಲೇ ಹೋದೆ. ಗ್ಲೆನಿಸ್‌ಳ ಕೈಯಲ್ಲಿದ್ದದ್ದು ಅಡಿಗೆಮನೆಯ ಕತ್ತರಿ, ಕೋಳಿ ಕತ್ತರಿಸುವಂಥದ್ದು. ಜಡೆ ಒಂದೇ ಸಲಕ್ಕೆ ಬೀಳಲಿಲ್ಲ, ಹಗ್ಗ ಕೊಯ್ದ ಹಾಗೆ ಕೊಯ್ಯಬೇಕಾಯಿತು. ನೆತ್ತಿಗೆ ಬರುವ ಹೊತ್ತಿಗೆ ಅವಳಿಗೆ ನಗು ಉಕ್ಕಿತು, ಆಮೇಲೆ ನಗು ನಿಂತಿತು, ಆಮೇಲೆ ಅವಳು ಮೂಗು ಸೊರಸೊರ ಎಳೆಯತೊಡಗಿದಳು. ಕನ್ನಡಿ ಕಿತ್ತುಕೊಂಡು ನೋಡಿದೆ. ಒಂದು ಕಡೆ ಬುರುಡೆಯ ಚರ್ಮ ಕಾಣುತ್ತಿತ್ತು, ಇನ್ನೊಂದು ಕಡೆ ಮೇಕೆ ಮೇಯ್ದು ಬಿಟ್ಟ ಬೇಲಿ.

"ಟೆಸಿ, ನೀನು ಹೇಳಿದ ಹಾಗೇ ಮಾಡ್ದೆ ಕಣೇ" ಎಂದು ಅತ್ತಳು.

ಮನೆಯಲ್ಲಿ ಏನಾಯಿತೆಂದು ಹೇಳುವುದು ಬೇಡ. ಅಮ್ಮ ಜಡೆಯನ್ನು ಮಡಿಲಲ್ಲಿಟ್ಟುಕೊಂಡು ಅಡಿಗೆಮನೆಯಲ್ಲಿ ಕೂತುಬಿಟ್ಟಳು. ಫೋನಿನಲ್ಲಿ ವಿತೊರಿನ್ ಅತ್ತೆಯ ದನಿ ಮೂರು ಕೋಣೆ ದಾಟಿ ಕೇಳುತ್ತಿತ್ತು. "ಟೋಪನ್ ಹಾಕಿಸಿ, ಇಲ್ಲಾಂದ್ರೆ ಅವಳನ್ನ ಮನೇಲೇ ಬಿಟ್ಟು ಬನ್ನಿ! ನನ್ನ ಮಗಳ ಮದುವೆಗೆ ಜೈಲಿಂದ ಬಿಡುಗಡೆಯಾಗಿ ಬಂದವಳ ಹಾಗೆ ಬರೋದು ಬೇಡ!"

ಶುಕ್ರವಾರ ಮಧ್ಯಾಹ್ನ ಅಪ್ಪ ಅಂಗಡಿಯ ಬಾಗಿಲಿಗೆ ಮುಚ್ಚಿದೆಯೆಂದು ಫಲಕ ತಿರುಗಿಸಿ, ಶಾಲೆಗೇ ಬಂದು ನನ್ನನ್ನು ಕರೆದುಕೊಂಡು ಹೋದ. ತಲೆಗೆ ಸ್ಕಾರ್ಫು ಸುತ್ತಿಕೊಂಡಿದ್ದೆ. ಕುರ್ಚಿಯಲ್ಲಿ ಕೂರಿಸಿ, ಅದನ್ನು ಬಿಚ್ಚಿ, ಎರಡು ಸುತ್ತು ಬಂದು ನೋಡಿದ. ಅಷ್ಟು ವರ್ಷ ಆ ಕುರ್ಚಿ ಒರೆಸಿದ್ದೆ, ಅದರಲ್ಲಿ ಕೂತಿರಲಿಲ್ಲ.

"ಎಲ್ಲಾ ಸಮ ಮಾಡಿಬಿಟ್ರೆ ಹುಡುಗನ ತಲೆ ಹಾಗಾಗುತ್ತೆ. ಆರು ತಿಂಗಳಲ್ಲಿ ಬೆಳೆಯುತ್ತೆ" ಅಂದ. ಬಾಚಣಿಗೆ ಎತ್ತಿಕೊಂಡು, "ನಿನಗೇನು ಬೇಕಿತ್ತು?" ಎಂದು ಕೇಳಿದ.

"ಅವರ ಹಾಗೇ."

"ಹೇಗೆ ಅಂತ ಸರಿಯಾಗಿ ಹೇಳು. ನಾನು ಅದನ್ನ ಮಾಡಿಲ್ಲ. ಸರಿಯಾಗಿ ನೋಡದೆ ಇರೋದನ್ನ ಅಂದಾಜಿಗೆ ಮಾಡಿ ನಂಗೆ ಅಭ್ಯಾಸ ಇಲ್ಲ."

ನಾನು ಬಾಯಲ್ಲಿ ಹೇಳಿದ್ದು ಅವನಿಗೆ ಸಾಲಲಿಲ್ಲ. ಶಾಲೆಯಿಂದ ನಮ್ಮ ಹಿಂದೆಯೇ ಬಂದು ಹೊರಗೆ ಫುಟ್‌ಪಾತಿನಲ್ಲಿ ಅಪರಾಧಿಯಂತೆ ನಿಂತಿದ್ದ ಗ್ಲೆನಿಸ್‌ಳನ್ನು ಕರೆದು, "ಹೋಗು, ಆ ಹಳದಿ ತಲೆಯವನನ್ನ ಎಲ್ಲಿದ್ರೂ ಹಿಡ್ಕೊಂಡು ಬಾ" ಅಂದ. ಪಾಳಿ ಮುಗಿಸಿ ಬರುತ್ತಿದ್ದ ನೋಯೆಲ್ ಸ್ಟೇಷನ್ನಿನಲ್ಲಿ ಸಿಕ್ಕಿದ. ರಬ್ಬರಿನ ವಾಸನೆ ಹೊತ್ತು ಒಳಗೆ ಬಂದವನು ಬಾಗಿಲಲ್ಲೇ ನಿಂತ. ನನ್ನ ತಲೆ ನೋಡಿ ಅವನ ಬಾಯಿ ತೆರೆಯಿತು.

"ಬಾಸ್, ಇದು ನಾನ್ ಮಾಡಿದ್ದಲ್ಲ. ದೇವರಾಣೆ."

"ಗೊತ್ತು. ಕೂತ್ಕೋ. ಬೆನ್ನು ಈ ಕಡೆ ಮಾಡು."

ಬೆಂಚಿನ ಮೇಲೆ ನಮಗೆ ಬೆನ್ನು ಹಾಕಿ ಕೂತ ನೋಯೆಲ್‌ನ ತಲೆಯನ್ನು ಅಪ್ಪ ಬೆರಳಲ್ಲಿ ಬಿಡಿಸಿ ಬಿಡಿಸಿ ಪರೀಕ್ಷೆ ಮಾಡಿದ. ಎಲ್ಲಿ ಮೋಟು ಮುಗಿಯುತ್ತದೆ, ಎಲ್ಲಿ ಉದ್ದ ಶುರುವಾಗುತ್ತದೆ, ಬಾಲದ ಎಳೆ ಎಷ್ಟು ತೆಳು. "ಇದನ್ನ ಬ್ಲೇಡಲ್ಲಿ ಸವರಿದ್ದಾ?" ಎಂದು ನನ್ನನ್ನು ಕೇಳಿದ. ಹೌದು ಅಂದೆ. "ಹ್ಞೂಂ" ಅಂದ. ಆ ಹ್ಞೂಂ ನನಗೆ ಎಷ್ಟು ದೊಡ್ಡದಾಗಿತ್ತೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಆಮೇಲೆ ಕತ್ತರಿ ಎತ್ತಿ ನೋಯೆಲ್‌ನ ಬಲಗಿವಿಯ ಹಿಂದೆ ನಾಲ್ಕು ಸಲ ಆಡಿಸಿದ. ಕೂದಲು ಬೆಳೆದರೂ ಉಳಿದಿದ್ದ ಮೆಟ್ಟಿಲು ಮಾಯವಾಯಿತು. "ಈಗ ಸರಿ ಆಯ್ತು. ಅಲ್ಲಾಡದೆ ಕೂತಿರು, ನೀನೇ ನನ್ನ ಮಾದರಿ."

ಎರಡು ಗಂಟೆ ಹಿಡಿಯಿತು. ನೋಯೆಲ್‌ನ ಬೆನ್ನು, ನನ್ನ ತಲೆ, ನೋಯೆಲ್‌ನ ಬೆನ್ನು, ನನ್ನ ತಲೆ. ಬೋಳಾಗಿದ್ದ ಜಾಗಕ್ಕೆ ಹೊಂದುವಂತೆ ಸುತ್ತಲಿನದನ್ನು ಮೋಟು ಮಾಡಿದ. ಗ್ಲೆನಿಸ್ ಅದೃಷ್ಟಕ್ಕೆ ಕತ್ತಿನ ಬಳಿ ಉಳಿಸಿದ್ದ ಗೇಣುದ್ದದ ಕೂದಲನ್ನು ಬ್ಲೇಡಿನಲ್ಲಿ ರೇಷ್ಮೆ ನೂಲಿನಷ್ಟು ತೆಳ್ಳಗೆ ಇಳಿಸಿದ. ಹುಡುಗಿಯರು ಕಿವಿಯ ಮುಂದೆಯೂ ಒಂದು ಎಳೆ ಬಿಡುತ್ತಾರೆಂದು ನಾನು ಹೇಳಿದಾಗ, ಗೊಣಗದೆ ಬಿಟ್ಟು, ಅದರ ತುದಿಯನ್ನು ತನ್ನ ಮೇಸ್ತ್ರಿಯ ಹಾಗೆ ಓರೆ ಮಾಡಿದ. ಬಿಳಿ ಬಟ್ಟೆ ಬಿಚ್ಚಿ ಕೊಡವಿದಾಗ ಗ್ಲೆನಿಸ್ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನೋಯೆಲ್ ಒಮ್ಮೆ ಸಿಳ್ಳೆ ಹಾಕಿ, ಅಪ್ಪನ ಮುಖ ನೋಡಿ, "ಕ್ಷಮಿಸಿ ಬಾಸ್" ಅಂದ.

"ಪರವಾಗಿಲ್ಲ" ಅಂದ ಅಪ್ಪ. "ಚೆನ್ನಾಗೇ ಆಗಿದೆ."

ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ವಿತೊರಿನ್ ಅತ್ತೆ ನನ್ನ ಕೈಗೆ ಒಂದು ಟೋಪನ್ ತುರುಕಲು ಬಂದರು. ಲೂರ್ಡ್ಸ್ ತನ್ನ ಪರದೆ ಎತ್ತಿ, "ಅಮ್ಮಾ, ಅದನ್ನ ನೀನೇ ಹಾಕ್ಕೋ. ಟೆಸಿ, ಬಾ ನನ್ನ ಹಿಂದೆ ನಿಂತ್ಕೋ" ಅಂದಳು. ಆರ್ಗನ್ ಶುರುವಾಯಿತು. ತಿಳಿನೀಲಿ ಗೌನು, ಕೈಯಲ್ಲಿ ಹೂವಿನ ಗೊಂಚಲು, ತಲೆಯಲ್ಲಿ ಆ ಇಲಿಬಾಲ. ಬೆಂಚುಗಳ ಉದ್ದಕ್ಕೂ ಪಿಸುಪಿಸು ನನ್ನ ಜೊತೆಜೊತೆಗೇ ನಡೆದು ಬಂತು. ಅಮ್ಮ ಜಪಸರ ಬಿಗಿಹಿಡಿದು ನೇರ ನೋಡುತ್ತ ಕೂತಿದ್ದಳು.

ಸಂಜೆ ಹಾಲ್‌ನಲ್ಲಿ ಊಟವಾಗಿ ಬ್ಯಾಂಡು ಶುರುವಾದ ಮೇಲೆ ಅಪ್ಪನ ಹಳೆಯ ಊರಿನವನೊಬ್ಬ, ನೌಕಾಪಡೆಯಲ್ಲಿದ್ದು ಅವನ ಜೊತೆ ಒಂದೇ ಹಡಗಿನಲ್ಲಿ ಬಂದವನು, ವೈನಿನ ಲೋಟ ಹಿಡಿದು ನಮ್ಮ ಮೇಜಿಗೆ ಬಂದ. "ಸಾಲ್ವು, ಮನೇಲಿ ಕ್ಷೌರದ ಕತ್ತರಿ ಇಟ್ಕೊಂಡು ಮಗಳಿಗೆ ಇದ್ಯಾವ ಗತಿ ತಂದೆಯೋ? ಯಾವ ಅಡ್ಡಕಸಬಿ ಮಾಡಿದ್ದು ಇದು?"

ಸುತ್ತಲಿನ ಮೇಜಿನವರೆಲ್ಲ ತಿರುಗಿದರು. ಅಪ್ಪ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಎದ್ದು ನಿಂತ.

"ನಾನೇ ಮಾಡಿದ್ದು. ಎರಡು ಗಂಟೆ ನಿಂತು ಮಾಡಿದೀನಿ. ಇಷ್ಟು ಕಷ್ಟದ ಕೆಲಸ ನಿಮ್ಮ ಅಡ್ಮಿರಲ್ ತಲೆ ಮೇಲೂ ಮಾಡಿರಲಿಲ್ಲ. ಬೇಕಾದ್ರೆ ಹತ್ತಿರ ಬಂದು ನೋಡು, ಒಂದು ಕೂದಲು ಹೆಚ್ಚುಕಮ್ಮಿ ಇದ್ರೆ ಹೇಳು."

ಆಮೇಲೆ ನನ್ನ ಕೈ ಹಿಡಿದು ನಡುಮಧ್ಯಕ್ಕೆ ಕರೆದುಕೊಂಡು ಹೋದ. ಅಪ್ಪನಿಗೆ ಕುಣಿಯಲು ಬರುತ್ತಿದ್ದದ್ದು ಒಂದು ವಾಲ್ಟ್ಜ್ ಮಾತ್ರ. ಅದರಲ್ಲೂ ಒಂದೇ ದಿಕ್ಕಿಗೆ ತಿರುಗುತ್ತಿದ್ದ. ತಿರುಗುವಾಗ ಅಮ್ಮನನ್ನು ನೋಡಿದೆ. ಅವಳು ನಗುತ್ತಿರಲಿಲ್ಲ, ಆದರೆ ಪಕ್ಕದವಳಿಗೆ ನನ್ನ ಕತ್ತಿನ ಹಿಂದಿನ ಎಳೆಯನ್ನು ಬೆರಳು ಮಾಡಿ ಏನೋ ವಿವರಿಸುತ್ತಿದ್ದಳು.

ಅಕ್ಟೋಬರಿನಲ್ಲಿ ಅಂಗಡಿಗೆ ಎರಡನೇ ಕುರ್ಚಿ ಬಂತು. ಕಿಟಕಿ ಪಕ್ಕದ್ದು ನನ್ನದು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವ ಮೊದಲೇ ಬೂಟುಗಳ ಸಾಲು ಮೀನಿನಂಗಡಿಯ ತನಕ ಇರುತ್ತಿತ್ತು. ಸೇಂಟ್ ಆಲ್ಬನ್ಸ್‌ನವರು, ಫುಟ್‌ಸ್ಕ್ರೇಯವರು, ರೈಲಿನಲ್ಲಿ ಒಬ್ಬರನ್ನೊಬ್ಬರು ಕಂಡರೆ ಕೈ ಮಾಡುವವರು, ಇಲ್ಲಿ ಒಂದೇ ಬೆಂಚಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದರು. "ಜಗಳ ಆಡಿದ್ರೆ ಬಾಲ ಬುಡಕ್ಕೇ ಕತ್ತರಿಸ್ತೀನಿ" ಎಂದು ಅಪ್ಪ ಮೊದಲ ವಾರವೇ ಹೇಳಿಬಿಟ್ಟಿದ್ದ. ಅವರನ್ನು ಅವನು ಕರೆಯುತ್ತಿದ್ದದ್ದೇ ಇಲಿಬಾಲಗಳು ಎಂದು. "ಮುಂದಿನ ಇಲಿಬಾಲ ಯಾರಪ್ಪಾ?" ಅಂದರೆ ಹದಿನೆಂಟರ ಗಟ್ಟಿ ಆಳು ತಲೆ ತಗ್ಗಿಸಿಕೊಂಡು ಬಂದು ಕೂರುತ್ತಿದ್ದ. ಹನ್ನೊಂದು ಗಂಟೆಗೆ ಅಮ್ಮ ರಿಕೊಟ್ಟಾ ಎಂಬ ಮೆತ್ತನೆಯ ಚೀಸ್ ತುಂಬಿದ ಪಸ್ತಿಜ್ಜಿ ಪಫ್ಫುಗಳನ್ನು ಟವಲಿನಲ್ಲಿ ಸುತ್ತಿ ತರುತ್ತಿದ್ದಳು. ಮೊದಮೊದಲು ಬಾಗಿಲಲ್ಲೇ ಇಟ್ಟು ಓಡುತ್ತಿದ್ದವಳು, ಬೇಸಿಗೆಯ ಹೊತ್ತಿಗೆ ಯಾರು ತಿಂದಿಲ್ಲ, ಯಾರು ಸೊರಗಿದ್ದಾರೆ ಎಂದು ವಿಚಾರಿಸತೊಡಗಿದ್ದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಾಗ ಕೂದಲ ರಾಶಿಯಲ್ಲಿ ಹಳದಿ, ಕಪ್ಪು, ಕೆಂಪು ಎಲ್ಲ ಬೆರೆತಿರುತ್ತಿತ್ತು.

ಹಾಗೆ ಎರಡು ವರ್ಷ, ಮೂರನೆಯದರಲ್ಲಿ ಸ್ವಲ್ಪ ದಿನ. ನನಗೆ ಅರವತ್ತಾರು ದಾಟಿದೆ. ಅಂಗಡಿಯನ್ನು ಅಪ್ಪನ ನಂತರ ಇಪ್ಪತ್ತೆಂಟು ವರ್ಷ ನಾನೇ ನಡೆಸಿದೆ, ಎಷ್ಟೋ ಫ್ಯಾಷನ್ನು ಬಂದು ಹೋದದ್ದು ಕಂಡೆ. ಆದರೂ ಶನಿವಾರ ಎಂದರೆ ನನಗೆ ಇವತ್ತಿಗೂ ಆ ಎಪ್ಪತ್ತೈದರ ಶನಿವಾರಗಳೇ.

ಮುಗಿದದ್ದು ಗಲಾಟೆಯಿಲ್ಲದೆ. ಒಬ್ಬನಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು, ಒಬ್ಬನ ಹುಡುಗಿಯ ಅಪ್ಪ ಒಪ್ಪಲಿಲ್ಲ, ಇನ್ನೊಬ್ಬ ಗಣಿ ಕೆಲಸಕ್ಕೆಂದು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋದ. ಗ್ಲೆನಿಸ್ ಮದುವೆಯಾಗಿ ಕ್ವೀನ್ಸ್‌ಲ್ಯಾಂಡಿಗೆ ಹೋದಳು, ಕ್ರಿಸ್ಮಸ್ಸಿಗೆ ಈಗಲೂ ಫೋನು ಮಾಡುತ್ತಾಳೆ. ಹುಡುಗರು ಒಬ್ಬೊಬ್ಬರಾಗಿ ಬಂದು ಬಾಲ ಕತ್ತರಿಸಿಕೊಂಡು ಹೋದರು. ಆ ಕೆಲಸವನ್ನು ಮಾತ್ರ ಅಪ್ಪ ನನಗೆ ಬಿಡುತ್ತಿರಲಿಲ್ಲ. ತಾನೇ ಎದ್ದು ಬರುತ್ತಿದ್ದ.

ನೋಯೆಲ್ ಬಂದದ್ದು ಎಲ್ಲರಿಗಿಂತ ಕೊನೆಗೆ, ಎಪ್ಪತ್ತೆಂಟರ ಜುಲೈಯಲ್ಲಿ, ವಾರದ ಮಧ್ಯೆ. ಬೆಂಚು ಖಾಲಿಯಿತ್ತು. ಅವನಿಗೆ ಇಪ್ಪತ್ತೊಂದು. ಅವನ ಹೆಂಡತಿಗೆ ಆಗ ಏಳು ತಿಂಗಳು. ಅಪ್ಪನ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, "ತೆಗೆದುಬಿಡಿ ಬಾಸ್" ಅಂದ.

ಅಪ್ಪ ಆ ಎಳೆಗಳನ್ನು ಬಾಚಿ, ಎಡಗೈಯಲ್ಲಿ ಹಿಡಿದು, ಒಂದು ಕ್ಷಣ ನಿಂತ. ನಂತರ ಕತ್ತರಿ ಆಡಿಸಿದ. ಒಂದೇ ಸದ್ದು. ಕತ್ತಿನ ಹಿಂದೆ ಪೌಡರು ಸವರಿ, ಕಿರುಗನ್ನಡಿ ಹಿಡಿದು ತೋರಿಸಿದ. ನೋಯೆಲ್ ಕೈ ಹಿಂದಕ್ಕೆ ಒಯ್ದು ಬರಿಗತ್ತನ್ನು ಸವರಿಕೊಂಡ.

"ಚಳಿ ಹತ್ತುತ್ತೆ ಬಾಸ್ ಇಲ್ಲಿ."

"ಸ್ವಲ್ಪ ದಿನ ಹಾಗೇ ಇರುತ್ತೆ."

"ಎಷ್ಟು ದಿನ?"

ಅಪ್ಪ ಬಿಳಿ ಬಟ್ಟೆ ಕೊಡವಿದ. ನೋಯೆಲ್ ನನ್ನ ಹತ್ತಿರ ಬಂದು, ನನ್ನ ಭುಜದ ಮೇಲೆ ಒಂದು ಸಲ ಕೈಯಿಟ್ಟು ಹೊರಟ. ಹೊರಗೆ ಗಾಳಿ ಬೀಸುತ್ತಿತ್ತು. ಕೋಟಿನ ಕಾಲರ್ ಎತ್ತಿಕೊಂಡು, ಕೈಗಳನ್ನು ಜೇಬಿಗಿಟ್ಟು, ಅವನು ರೈಲ್ವೆ ಗೇಟಿನ ಕಡೆ ನಡೆದು ಹೋಗುವುದನ್ನು ಅಪ್ಪನೂ ನಾನೂ ಕಿಟಕಿಯಲ್ಲಿ ನಿಂತು ನೋಡಿದೆವು.